ಸ್ಟುಡಿಯೋದವರು ಹಳೇ ಫೋಟೋ ಕಳೆದರೆ ಪರಿಹಾರ ಸಿಗುತ್ತದಾ?

ಪ್ರಶ್ನೆ (ಕಾರವಾರದಿಂದ):
ವಕೀಲರಿಗೆ ನಮಸ್ಕಾರ. ಅರ್ಗಾದಲ್ಲಿದ್ದ ನಮ್ಮ ಅಜ್ಜನ ಮನೆ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಹೋಯಿತು. ಆ ಮನೆಯದ್ದು ಅಂತ ಉಳಿದಿದ್ದು ಹನ್ನೊಂದು ಕಪ್ಪು-ಬಿಳುಪು ಫೋಟೋ. ತುಳಸಿಕಟ್ಟೆ ಮುಂದೆ ಅಜ್ಜಿ, ಅತ್ತೆಯ ಮದುವೆ ಚಪ್ಪರ, ಹಿಂಬದಿಯಲ್ಲಿ ಅಜ್ಜನ ಅಕ್ಷರದಲ್ಲಿ ತಾರೀಕು. ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಲು ಇಲ್ಲಿನ ಒಂದು ಸ್ಟುಡಿಯೋಗೆ ಕೊಟ್ಟೆ, 500 ರೂಪಾಯಿ ಅಡ್ವಾನ್ಸ್. ಅವರು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದರಂತೆ. ಈಗ ಕೇಳಿದರೆ "ಪಾರ್ಸೆಲ್ ದಾರಿಯಲ್ಲಿ ಕಳೆದಿದೆ, ನಮ್ಮ ತಪ್ಪಲ್ಲ" ಅಂತಾರೆ. ರಸೀದಿ ಹಿಂದೆ "ಕಳೆದರೆ ಅಂಗಡಿ ಜವಾಬ್ದಾರಿಯಲ್ಲ" ಅಂತ ಸಣ್ಣಕ್ಷರದಲ್ಲಿದೆ. ಒಂದು ಕಾಗದಕ್ಕೆ ಸಹಿ ಹಾಕಿದರೆ ಅಡ್ವಾನ್ಸ್ ವಾಪಸ್ ಕೊಡ್ತಾರಂತೆ. ಹಾಕಲಾ?

ವಕೀಲರ ಉತ್ತರ:
ಹಾಕಬೇಡಿ ಮೇಡಂ. ಆ ಕಾಗದದಲ್ಲಿ "ಇನ್ನು ಯಾವ ತಕರಾರೂ ಇಲ್ಲ" ಅಂತ ಒಂದು ಸಾಲು ಇದ್ದೇ ಇರುತ್ತದೆ.

ನೀವು ಫೋಟೋ ಕೊಟ್ಟಿದ್ದು ಸ್ಟುಡಿಯೋಗೆ. ಲ್ಯಾಬು, ಪಾರ್ಸೆಲ್‌ನವರು ಯಾರೆಂದು ನಿಮಗೆ ಗೊತ್ತೂ ಇಲ್ಲ. ಅವರನ್ನು ಗೊತ್ತುಮಾಡಿದ್ದು ಸ್ಟುಡಿಯೋ, ಹಾಗಾಗಿ ಉತ್ತರ ಕೊಡಬೇಕಾದ್ದೂ ಸ್ಟುಡಿಯೋ. ಬೇಕಾದರೆ ಅವರು ಆಮೇಲೆ ಪಾರ್ಸೆಲ್‌ನವರ ಹತ್ತಿರ ವಸೂಲಿ ಮಾಡಿಕೊಳ್ಳಲಿ. 1872ರ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ, ಬೇರೆಯವರ ವಸ್ತು ಇಟ್ಟುಕೊಂಡವನು ಸಾಮಾನ್ಯ ವಿವೇಕ ಇರುವವನು ತನ್ನದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಮಾಡಬೇಕು. ಹುಬ್ಬಳ್ಳಿಗೆ ಕಳಿಸುವ ಮಾತನ್ನು ನಿಮಗೆ ಮೊದಲೇ ಹೇಳಿದ್ದರಾ? ಇಲ್ಲವಾದರೆ ನಿಮ್ಮ ಕೈ ಇನ್ನೂ ಮೇಲೆ.

ರಸೀದಿಯ ಸಣ್ಣಕ್ಷರಕ್ಕೆ ಹೆದರಬೇಡಿ. ಲಾಂಡ್ರಿಯವರು ಸೀರೆ ಕಳೆದ ಕೇಸೊಂದರಲ್ಲಿ ಮದ್ರಾಸ್ ಹೈಕೋರ್ಟು 1960ರ ದಶಕದಲ್ಲೇ ಇಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆ ಎಂಬುದರಲ್ಲಿ ನಿರ್ಲಕ್ಷ್ಯವೂ ಸೇರಿದೆ.

ಇನ್ನು ಹಣದ ಮಾತು. ಕೆಲವರು ಸಿಟ್ಟಿನಲ್ಲಿ ಹತ್ತು ಲಕ್ಷ ಬರೆದು ತರುತ್ತಾರೆ, ಅದು ಕೆಲಸಕ್ಕೆ ಬರುವುದಿಲ್ಲ. ಫೋಟೋಕ್ಕೆ ಮಾರುಕಟ್ಟೆ ಬೆಲೆ ಇಲ್ಲ, ಸಿಗುವುದು ಮಾನಸಿಕ ನೋವಿನ ಲೆಕ್ಕದಲ್ಲಿ. ಆ ನೋವಿಗೂ ಗ್ರಾಹಕ ಆಯೋಗ ಪರಿಹಾರ ಕೊಡಿಸಬಹುದೆಂದು ಸುಪ್ರೀಂ ಕೋರ್ಟು ಲಖನೌ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ, 1993ರಲ್ಲೇ, ಹೇಳಿದೆ. ಆದರೆ ಮೊತ್ತ ದೊಡ್ಡದಿರುತ್ತದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಎಕ್ಸೆಟರ್ ಕೋರ್ಟು 1981ರಲ್ಲಿ, ಗೆಳೆಯರ ಮದುವೆಯ ಫಿಲ್ಮ್ ರೋಲಿನ ಚಿತ್ರಗಳನ್ನು ಕಳೆದ ಕಂಪನಿಯಿಂದ ಕೊಡಿಸಿದ್ದು 75 ಪೌಂಡು! "ಹೊಸ ರೋಲು ಕೊಡ್ತೇವೆ, ಅಷ್ಟೇ" ಎಂಬ ಷರತ್ತನ್ನು ಮಾತ್ರ ಒಪ್ಪಲಿಲ್ಲ.

ಒಂದು ಪ್ರಶ್ನೆಗೆ ನೀವು ನೆನಪು ಮಾಡಿಕೊಂಡು ಉತ್ತರಿಸಿ. ಫೋಟೋ ಕೊಡುವಾಗ "ಮನೆ ಈಗ ಇಲ್ಲ, ಬೇರೆ ಪ್ರತಿ ಇಲ್ಲ" ಅಂತ ಕೌಂಟರಿನಲ್ಲಿ ಹೇಳಿದ್ದಿರಾ? ಕಳೆದರೆ ಎಂಥ ನಷ್ಟ ಎಂಬುದು ಅವರಿಗೆ ಗೊತ್ತಿತ್ತು ಅಂತ ತೋರಿಸಿದರೆ ಪರಿಹಾರ ಕೇಳಲು ಗಟ್ಟಿ ಆಧಾರ. ಅದು ಕರಾರು ಕಾಯ್ದೆಯ 73ನೇ ಕಲಮು.

ಪ್ರಶ್ನೆ ಕೇಳಿದವರು:
ಬಾಯಿಮಾತಲ್ಲಿ ಹೇಳಿದ್ದೆ ಸರ್. ಆಮೇಲೆ "ಒಂದೇ ಪ್ರತಿ, ಜೋಪಾನ" ಅಂತ ವಾಟ್ಸಾಪೂ ಮಾಡಿದ್ದೆ. ಎರಡು ನೀಲಿ ಗೆರೆ ಬಂದಿವೆ. ಹುಬ್ಬಳ್ಳಿ ವಿಷಯ ಅವರು ಹೇಳಿರಲಿಲ್ಲ.

ವಕೀಲರು:
ಅದು ಸಾಕು. ಆ ಚಾಟ್ ಅಳಿಸಬೇಡಿ, ಫೋನೂ ಬದಲಿಸಬೇಡಿ. ದಾಖಲೆ ಹಾಕುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಕಾಗದ) ಜೊತೆಗಿರಬೇಕು.

ಇನ್ನೊಬ್ಬ ಸದಸ್ಯರು (ಶಿರಸಿ):
ನಾನೂ ಸ್ಟುಡಿಯೋ ಇಟ್ಟವನೇ. ಈಗ ಮೂಲ ಫೋಟೋ ಲ್ಯಾಬಿಗೆ ಕಳಿಸುವ ಕೆಲಸವೇ ಇಲ್ಲ ಮಾರಾಯ್ರೆ. ಇಲ್ಲೇ ಸ್ಕ್ಯಾನ್ ಮಾಡಿ ಫೈಲ್ ಕಳಿಸ್ತೇವೆ. ರೇಟ್ ಕೇಳೋಕೆ ಅಂತ ಮೊಬೈಲಲ್ಲಿ ತೆಗೆದು ಲ್ಯಾಬಿಗೆ ಕಳಿಸಿದ್ದೂ ಇರಬಹುದು. ಅಂಗಡಿ ಕಂಪ್ಯೂಟರು, ಹುಡುಗರ ಮೊಬೈಲು ಎರಡನ್ನೂ ಹುಡುಕಿಸಿ. ರೀಸೈಕಲ್ ಬಿನ್ ಸಮೇತ.

ವಕೀಲರು:
ಇದು ಮೊದಲು ಆಗಬೇಕಾದ ಕೆಲಸ, ಇವತ್ತೇ ಹೋಗಿ. ಶಿರಸಿಯವರೇ, ನಿಮ್ಮ ಕಸುಬಿನಲ್ಲಿ ಹೀಗೆ ಮೂಲ ಫೋಟೋ ಕಳಿಸುವುದಿಲ್ಲ ಅಂತ ಒಂದು ಅಫಿಡವಿಟ್ ಕೊಡ್ತೀರಾ?

ಶಿರಸಿ ಸದಸ್ಯರು:
ಅದೊಂದು ಕೇಳಬೇಡಿ. ನಾಳೆ ಮದುವೆ ಹಾಲಲ್ಲಿ ಅವರ ಪಕ್ಕದಲ್ಲೇ ನಿಂತು ಕ್ಯಾಮೆರಾ ಹಿಡೀಬೇಕು.

ಪ್ರಶ್ನೆ ಕೇಳಿದವರು:
ಹೋಗಿ ಬಂದೆ. ಹುಡುಗನ ಮೊಬೈಲಲ್ಲಿ ಮೂರು ಫೋಟೋ ಸಿಕ್ಕಿವೆ, ಟ್ಯೂಬ್‌ಲೈಟಿನ ಬಿಳಿ ಗೆರೆ ಅಜ್ಜಿಯ ಮುಖದ ಮೇಲೇ ಬಿದ್ದಿದೆ. ಇದನ್ನು ತಗೊಂಡರೆ ನಮ್ಮ ಕೇಸು ಬಿದ್ದುಹೋಗುತ್ತದಾ?

ವಕೀಲರು:
ಬೀಳುವುದಿಲ್ಲ, ಧಾರಾಳವಾಗಿ ತಗೊಳ್ಳಿ. ಮೂರರ ಮಂದ ಪ್ರತಿ ಸಿಕ್ಕಿದೆ ಅಂತ ಸ್ಟುಡಿಯೋಗೆ ಕಳಿಸುವ ನೋಟಿಸಿನಲ್ಲಿ ನಾವೇ ಬರೆಯೋಣ. ಮುಚ್ಚಿಟ್ಟು ಅವರ ಬಾಯಲ್ಲಿ ಬಂದರೆ ನಮಗೇ ಕೆಡುಕು. ಉಳಿದ ಎಂಟರಲ್ಲಿ ಏನೇನಿತ್ತು ಅಂತ ಅಪ್ಪ, ಅತ್ತೆ ಇಬ್ಬರನ್ನೂ ಕೂರಿಸಿ ಬೇರೆಬೇರೆಯಾಗಿ ಬರೆಸಿ. ಅತ್ತೆಯ ಗಂಡನ ಮನೆ ಆಲ್ಬಮ್ಮನ್ನೂ ನೋಡಿಸಿ, ಮದುವೆ ಫೋಟೋ ಎರಡೂ ಕಡೆ ಹೋಗಿರುತ್ತದೆ.

ನೋಟಿಸು ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ, ಹದಿನೈದು ದಿನ ಗಡುವು ಕೊಡಿ. ಉತ್ತರ ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಅಥವಾ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ನೀವು ಕೊಟ್ಟ ದುಡ್ಡು ಐದು ಲಕ್ಷದೊಳಗೆ ಇರುವುದರಿಂದ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದ ಅವಧಿ ಇದೆ, ಆದರೆ ಕಾಯಬೇಡಿ, ಪಾರ್ಸೆಲ್‌ನವರ ಪುಸ್ತಕ ಅಷ್ಟು ದಿನ ಉಳಿಯುವುದಿಲ್ಲ. ಹಾಂ, ಆ ಪಾರ್ಸೆಲ್ ಚೀಟಿಯ ನಕಲು ಕೊಡಿ ಅಂತ ನೋಟಿಸಿನಲ್ಲೇ ಕೇಳಿ. ಕೊಡದಿದ್ದರೆ ಪಾರ್ಸೆಲ್ ನಿಜವಾಗಿ ಹೋಗಿತ್ತಾ ಎಂಬ ಪ್ರಶ್ನೆ ಆಯೋಗದ ಮುಂದೆ ತಾನಾಗಿ ಏಳುತ್ತದೆ.