ಇಂಗ್ಲೆಂಡಿನ ಹಳೇ ಕಂಟ್ರಿ ಹೌಸಿನಲ್ಲಿ ಧಾರೆ: ಅಡ್ವಾನ್ಸ್ ಕೊಡುವ ಮುಂಚೆ ಏನು ಕೇಳಬೇಕು?

ಹೊಂಗೆಮರ:
ಗ್ರೇಡ್ 1 ಲಿಸ್ಟೆಡ್ (ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡ) ಬಂಗಲೆ, 180 ಜನ, ಮುಹೂರ್ತ ಬೆಳಗ್ಗೆ 9.20ಕ್ಕೆ. ಬಂಗಲೆಯವರು ಮಂಟಪಕ್ಕೆ ಒಪ್ಪಿದ್ದಾರೆ, ಹೋಮಕ್ಕೆ "ನೋಡೋಣ" ಅಂದಿದ್ದಾರೆ. ಏನೇನು ಬರೆಸಿಕೊಳ್ಳಬೇಕು? ರಿಜಿಸ್ಟ್ರಾರ್ ಅಲ್ಲಿಗೇ ಬಂದರೆ ಧಾರೆಯೇ ಕಾನೂನಿನ ಮದುವೆ ಅನ್ನಿಸಿಕೊಳ್ಳುತ್ತಾ?

ಕಾಫಿಪುಡಿ:
ಇಲ್ಲ. ರಿಜಿಸ್ಟ್ರಾರ್ ಮುಂದೆ ನಡೆಯೋದು ಸಿವಿಲ್ ಮದುವೆ, ಅದರಲ್ಲಿ ಮಂತ್ರ, ಪೂಜೆ ಇರಕೂಡದು. ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ. ಸಿವಿಲ್ ಮದುವೆಯನ್ನೂ ಬಂಗಲೆಯಲ್ಲೇ ಮಾಡಿಸುವುದಾದರೆ, ಅದಕ್ಕೆ ಅಲ್ಲಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಅನುಮೋದನೆ ಇದೆಯಾ ಕೇಳಿ. ಇದ್ದರೆ, 2021ರ ಜುಲೈ 1ರಿಂದ ಆವರಣದ ಹುಲ್ಲುಹಾಸಿನ ಮೇಲೂ ಮಾಡಬಹುದು. ವಧು, ವರ ಇಬ್ಬರೂ ರಿಜಿಸ್ಟರ್ ಆಫೀಸಿಗೆ ಖುದ್ದಾಗಿ ಹೋಗಿ ನೋಟಿಸ್ (ಮದುವೆಯಾಗುತ್ತೇವೆ ಅನ್ನುವ ಮುನ್ಸೂಚನೆ) ಕೊಡಬೇಕು. ಆಮೇಲೆ 28 ದಿನ ಕಾಯಬೇಕು; ವೀಸಾ ಮೇಲಿರುವವರದಾದರೆ 70 ದಿನಕ್ಕೆ ಎಳೆಯಬಹುದು. ನೋಟಿಸ್ ಅದರಲ್ಲಿ ಬರೆದ ಜಾಗಕ್ಕೆ ಮಾತ್ರ. ಬಂಗಲೆ ಬದಲಾಯಿಸಿದರೆ ಮತ್ತೆ ಮೊದಲಿಂದ. ನನ್ನ ಕೇಳಿದರೆ, ಸಿವಿಲ್ ಮದುವೆಯನ್ನು ಧಾರೆಯ ಹಿಂದಿನ ವಾರವೇ ರಿಜಿಸ್ಟರ್ ಆಫೀಸಿನಲ್ಲಿ ಇಬ್ಬರು ಸಾಕ್ಷಿಗಳನ್ನಿಟ್ಟುಕೊಂಡು ಮುಗಿಸಿಬಿಡಿ.

ಮಾವಿನತೋರಣ:
"ನೋಡೋಣ"ವನ್ನು ನಂಬಿ ದುಡ್ಡು ಕಟ್ಟಬೇಡಿ. ಕುಂಡದ ಅಳತೆ, ಉರಿಯುವ ಹೊತ್ತು, ಆ ಕೋಣೆಯ ಸ್ಮೋಕ್ ಡಿಟೆಕ್ಟರ್ ಯಾರು ಆಫ್ ಮಾಡಿ ಯಾವಾಗ ಆನ್ ಮಾಡುತ್ತಾರೆ, ಅಷ್ಟು ಹೊತ್ತು ಕಾವಲು ಯಾರು, ಎಲ್ಲ ಕರಾರಿನಲ್ಲಿ ಬರಲಿ. ಒಂದು ಅಡಿ ಚದರದ ತಾಮ್ರದ ಕುಂಡ ಸಾಕು. ಅದರಡಿ ಸಂದು ಬಿಟ್ಟು ಜೋಡಿಸಿದ ಇಟ್ಟಿಗೆ, ಇಟ್ಟಿಗೆಯಡಿ ಮರಳಿನ ಟ್ರೇ, ತಳದಲ್ಲಿ ಬೆಂಕಿ ತಡೆಯುವ ಹಾಸು. ಗಾಳಿಯಾಡುವ ಸಂದು ಇಲ್ಲದಿದ್ದರೆ ಶಾಖ ಕೆಳಗಿಳಿದು ಮರದ ನೆಲ ಕಪ್ಪಾಗುತ್ತದೆ. ಹೊಗೆಗೆ ಎಲ್ಲರೂ ತುಪ್ಪವನ್ನು ಬೈಯುತ್ತಾರೆ. ನಿಜವಾದ ಕಾರಣ ಹಸಿ ಸಮಿತ್ತು, ಮತ್ತೆ ಉರಿ ಆರಿದ ಕೆಂಡದ ಮೇಲೆ ತುಪ್ಪ ಸುರಿಯುವುದು. ಕರ್ಪೂರ ಕಮ್ಮಿ ಮಾಡಿ, ಅದರ ಮಸಿ ಗಾರೆಯ ಸೂರಿಗೆ ಹತ್ತಿದರೆ ಬರಿ ಒರೆಸಿದರೆ ಹೋಗಲ್ಲ. ಒಳಗೆ ಬೇಡವೇ ಬೇಡ ಅಂದರೆ ಹೊರಗೆ ಪಕ್ಕ ತೆರೆದ ಶಾಮಿಯಾನದಡಿ ಕೇಳಿ.

ಮಂಟಪಕ್ಕೆ ಮೊಳೆ, ಟೇಪು ಎರಡೂ ಇಲ್ಲ. ಲಿಸ್ಟೆಡ್ ಕಟ್ಟಡದ ಸ್ವರೂಪಕ್ಕೆ ಧಕ್ಕೆಯಾಗುವಂತೆ ಅನುಮತಿಯಿಲ್ಲದೆ ಏನಾದರೂ ಬದಲಿಸಿದರೆ ಅಲ್ಲಿ ಅದು ಅಪರಾಧ. ಕಂಬಗಳು ತಳದ ಕಬ್ಬಿಣದ ತಟ್ಟೆ, ತೂಕದ ಮೇಲೇ ನಿಲ್ಲಬೇಕು. ತಟ್ಟೆಯಡಿ 18 ಮಿ.ಮೀ. ಪ್ಲೈವುಡ್, ಅದರಡಿ ಫೆಲ್ಟ್. 9.20ರ ಮುಹೂರ್ತ ಅಂದರೆ ಇದೆಲ್ಲ ಹಿಂದಿನ ರಾತ್ರಿಯೇ ಆಗಿರಬೇಕು, ಬಾಡಿಗೆ ಹಿಂದಿನ ಮಧ್ಯಾಹ್ನದಿಂದ ಮಾತಾಡಿ.

ಹೊಂಗೆಮರ:
ಅಕ್ಷತೆ, ಅರಿಶಿನದ ನೀರು?

ಮಾವಿನತೋರಣ:
ಅದೇ ದೊಡ್ಡ ತಲೆನೋವು. ಸುಣ್ಣಕಲ್ಲಿನ ನೆಲ ಅರಿಶಿನವನ್ನು ಹೀರುತ್ತದೆ. ಗಾಬರಿಯಲ್ಲಿ ಬಟ್ಟೆ ಸೋಪು ಹಾಕಿ ಉಜ್ಜಿದರೆ ಕ್ಷಾರಕ್ಕೆ ಹಳದಿ ಕಲೆ ಕೆಂಪಾಗುತ್ತದೆ! ಚೆಲ್ಲಿದ ತಕ್ಷಣ ಒಣ ಬಟ್ಟೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ತುಪ್ಪ ಸವರಿದ ಅಕ್ಷತೆ ಮರದ ನೆಲದ ಮೇಲೆ ಬಿದ್ದರೆ ಕಾಲು ಜಾರುತ್ತದೆ. ಮಂಟಪದ ಸುತ್ತ ಎರಡು ಮೀಟರ್‌ವರೆಗೆ ನೀರಿಳಿಯದ ಹಾಸು, ಅದರ ಮೇಲೆ ಜಮಖಾನ.

ಸಂಜೆರಾಗ:
ಸೌಂಡ್ ಲಿಮಿಟರ್ ಇದೆಯಾ ಕೇಳಿ. ಶಬ್ದ ಮಿತಿ ಮೀರಿದರೆ ಅದು ಸಾಕೆಟ್ಟಿನ ಕರೆಂಟು ಕತ್ತರಿಸುತ್ತದೆ. ಡೋಲಿಗೆ ಪ್ಲಗ್ಗೇ ಇಲ್ಲ, ಅದು ಬಾರಿಸುತ್ತಲೇ ಇರುತ್ತದೆ. ಸರಿಯಾಗಿ ಗಟ್ಟಿಮೇಳದ ಹೊತ್ತಿಗೆ ಪುರೋಹಿತರ ಮೈಕು ಬಂದ್. ಮೈಕನ್ನು ಬ್ಯಾಟರಿ ಸ್ಪೀಕರಿಗೆ ಹಾಕಿ.