ಅಡ್ಡ ಮಲಗಿರೋ ಬುದ್ಧಿಹಲ್ಲು, ಪೂರ್ತಿ ತೆಗಿಸ್ಬೇಕಾ ಅರ್ಧನಾ?

ನಿದ್ದೆಗೆಟ್ಟವ:
ಕೆಳಗಿನ ಬುದ್ಧಿಹಲ್ಲು ಮೂಳೆ ಒಳಗೇ ಅಡ್ಡ ಮಲ್ಕೊಂಡಿದೆ, ಎಕ್ಸ್‌ರೇಲಿ ಬೇರು ನರದ ಮೇಲೇ ಕೂತಂಗೆ ಕಾಣ್ಸತ್ತೆ, ಒಬ್ಬ ಡಾಕ್ಟ್ರು ಪೂರ್ತಿ ತೆಗೀಬೇಕು ಅಂತಾರೆ ಇನ್ನೊಬ್ರು ತಲೆ ಮಾತ್ರ ಕತ್ತರಿಸಿ ಬೇರು ಬಿಡೋಣ ಅಂತಾರೆ. ಬೇರು ಒಳಗೇ ಬಿಟ್ರೆ ಕೊಳೆಯಲ್ವಾ??

ಇಕ್ಕಳ:
ಮೊದ್ಲು ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಮಾಡ್ಸಿ. ಮಾಮೂಲಿ ಎಕ್ಸ್‌ರೇ ಚಪ್ಪಟೆ ಚಿತ್ರ, ನರ ಬೇರಿನ ಯಾವ ಪಕ್ಕದಲ್ಲಿದೆ ಅಂತ ಗೊತ್ತಾಗಲ್ಲ. ಪೂರ್ತಿ ತೆಗೆಯೋದಾದ್ರೆ ಒಸಡು ಬಿಡಿಸಿ, ನೀರು ಬಿಡ್ತಾ ಕೆನ್ನೆ ಕಡೆ ಮೂಳೆ ಸ್ವಲ್ಪ ಕೊರೆದು, ಹಲ್ಲನ್ನ ತುಂಡು ಮಾಡಿ ಒಂದೊಂದೇ ತೆಗೀತಾರೆ, ಇಡಿಯಾಗಿ ಎಳೆಯೋಕೆ ಹೋದ್ರೆ ಜಾಸ್ತಿ ಮೂಳೆ ಹೋಗತ್ತೆ. ನಾಲಿಗೆ ಕಡೆಯಿಂದ ಉಳಿಯಲ್ಲಿ ಒಡೆಯೋ ಹಳೇ ವಿಧಾನಾನೂ ಇದೆ (ಕೇಳಿದ್ರೇ ಮೈ ಜುಂ ಅನ್ನತ್ತೆ), ಈಗ ಕಮ್ಮಿ, ನಾಲಿಗೆ ನರಕ್ಕೆ ಪೆಟ್ಟಾಗೋ ಭಯ.

ಬೇರುಬಿಟ್ಟವಳು:
ನಾನು ಮಾಡಿಸ್ಕೊಂಡಿದ್ದು ಕೊರೊನೆಕ್ಟಮಿ, ಅದೇ ತಲೆ ಕತ್ತರಿಸೋದು. ಕೊಳೆಯಲ್ಲ, ಬೇರಿನ ತಿರುಳು ಸಾಮಾನ್ಯವಾಗಿ ಜೀವಂತವಾಗೇ ಇರತ್ತೆ, ಮೇಲೆ ಮೂಳೆ ಬೆಳೆದು ಮುಚ್ಕೊಳತ್ತೆ. ಎಷ್ಟೋ ಸಲ ಬೇರು ನಿಧಾನಕ್ಕೆ ಮೇಲೆ ಸರಿದು ನರದಿಂದ ದೂರ ಬರತ್ತೆ, ಆಮೇಲೆ ತೆಗೀಬೇಕಾಗಿ ಬಂದ್ರೂ ಅಷ್ಟು ಅಪಾಯ ಇರಲ್ಲ. ಹಲ್ಲಲ್ಲಿ ಸೋಂಕಿದ್ರೆ ಅಥವಾ ಕತ್ತರಿಸುವಾಗ ಬೇರು ಅಲ್ಲಾಡಿದ್ರೆ ಮಾತ್ರ ಪೂರ್ತಿ ತೆಗೀಲೇಬೇಕು.

ಇಕ್ಕಳ:
ಹೌದು, ಆದ್ರೆ ಅಡ್ಡ ಅಂದ್ರಲ್ಲ, ಹಲ್ಲು ನರದ ಉದ್ದಕ್ಕೇ ಮಲಗಿದ್ರೆ ತಲೆ ಕತ್ತರಿಸೋ ಬರ್ (ಕೊರೆಯೋ ಮೊನೆ) ನರಕ್ಕೇ ತಾಗಬಹುದು. ಅದನ್ನ ಎರಡನೇ ಡಾಕ್ಟ್ರಿಗೆ ಕೇಳಿ.

ನಿದ್ದೆಗೆಟ್ಟವ:
ಅಯ್ಯೋ ಇದು ಯಾರೂ ಹೇಳಿರ್ಲಿಲ್ಲ, ನಾಳೇನೇ ಸ್ಕ್ಯಾನ್‌ಗೆ ಹೋಗ್ತೀನಿ