ಕೊನೆಯ ಎರಡು ಇಂಚು ನೀರು ಇಳಿಯುವುದೇ ಇಲ್ಲ: ವರ್ಕ್‌ಶಾಪಿನ ಹೊಸ ಸಿಂಕು

ಪ್ರಶ್ನೆ

ಮನೆಯ ವರ್ಕ್‌ಶಾಪಿನಲ್ಲಿದ್ದ ಹಳೇ ಸಿಂಕು ಮತ್ತು ಅದರ ಕೆಳಗಿನ ಕ್ಯಾಬಿನೆಟ್ ಎರಡನ್ನೂ ಕಳೆದ ವಾರ ತೆಗೆದು ಹೊಸದು ಕೂರಿಸಿದೆ. ಹಳೆಯದು ಸ್ಟೀಲ್ ಸಿಂಕು, 150 ಮಿ.ಮೀ. ಆಳ. ಕ್ಯಾಬಿನೆಟ್ ಪಾರ್ಟಿಕಲ್ ಬೋರ್ಡಿನದು. ತಳದ ಹಲಗೆ ನೀರು ಕುಡಿದು ಉಬ್ಬಿ, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಹೊಸದು ಪಾಲಿಪ್ರೊಪಿಲೀನ್ ಸಿಂಕು. ಒಳಗಿನ ಅಳತೆ 500 x 400, ಆಳ 300. ಬಕೆಟ್ಟನ್ನೇ ಒಳಗಿಟ್ಟು ತೊಳೆಯಬೇಕು ಅಂತ ಬಹಳ ದಿನದ ಆಸೆ, ಅದಕ್ಕೇ ಆಳದ್ದು ತಂದೆ. ಕ್ಯಾಬಿನೆಟ್ ನಾನೇ ಪ್ಲೈವುಡ್‌ನಲ್ಲಿ ಮಾಡಿದೆ. ಸಿಂಕಿನ ಅಂಚು ಮೊದಲಿನಂತೆ ನೆಲದಿಂದ 850ಕ್ಕೇ ಬಂದಿದೆ.

ಈಗ ಮೂರು ತೊಂದರೆ.

ಒಂದು, ಸಿಂಕು ತುಂಬಿಸಿ ಬಿರಡೆ ತೆಗೆದರೆ ನೀರು ಮೊದಲು ಜೋರಾಗಿ ಹೋಗುತ್ತದೆ. ಕೊನೆಯ ಎರಡು ಇಂಚು ಮಾತ್ರ ಅಲ್ಲೇ ನಿಂತು, ನಿಧಾನವಾಗಿ ಇಳಿಯುತ್ತದೆ. ಇಳಿದ ಮೇಲೆ ತಳದಲ್ಲಿ ಮರದ ಪುಡಿಯ ಕೆಸರು ಉಳಿದಿರುತ್ತದೆ.

ಎರಡು, ಬೆಳಗ್ಗೆ ಕ್ಯಾಬಿನೆಟ್ ಬಾಗಿಲು ತೆಗೆದರೆ ಚರಂಡಿ ವಾಸನೆ.

ಮೂರು, ಕ್ಯಾಬಿನೆಟ್ ತಳ ಆಗಾಗ ಒದ್ದೆಯಾಗುತ್ತದೆ. ನಿನ್ನೆ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಟಾರ್ಚ್ ಹಿಡಿದು ಕೂತಿದ್ದೆ, ಒಂದು ಹನಿಯೂ ಬೀಳಲಿಲ್ಲ. ಸಂಜೆ ನೋಡಿದರೆ ಬಾಟಲ್ ಟ್ರ್ಯಾಪಿನ (ಸಿಂಕಿನ ಅಡಿಯಲ್ಲಿ ಸ್ವಲ್ಪ ನೀರು ಸದಾ ನಿಂತಿರುವ ಬಟ್ಟಲು) ಕೆಳಗೆ ಮತ್ತೆ ಒದ್ದೆ. ಟ್ರ್ಯಾಪಿನ ನಟ್ ಮೂರು ಸಲ ಬಿಗಿ ಮಾಡಿದೆ.

ಸಿಂಕಿನ ತಳದ ತೂತಿಗೆ ಕೂರಿಸುವ ವೇಸ್ಟ್ ಕಪ್ಲಿಂಗ್, ಅದರ ಕೆಳಗೆ ಬಾಟಲ್ ಟ್ರ್ಯಾಪ್, ಅಲ್ಲಿಂದ ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪ್ ಗೋಡೆಯ ರಂಧ್ರಕ್ಕೆ ಹೋಗಿದೆ. ಪೈಪ್ ಎರಡು ಸಲ ಬಿಚ್ಚಿ ತೊಳೆದೆ. ಒಂದು ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಗೋಡೆಯ ಒಳಗೇ ಕಟ್ಟಿಕೊಂಡಿರಬಹುದಾ? ಪೈಪ್ ಕ್ಲೀನ್ ಮಾಡುವ ಕೆಮಿಕಲ್ ಸುರಿಯಲಾ?

ಉತ್ತರ

ಕೆಮಿಕಲ್ ಸುರಿಯಬೇಡಿ. ಆ ಕೆಮಿಕಲ್ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಜಿಡ್ಡು, ಕೂದಲು ಕರಗಿಸುತ್ತದೆ. ಮರದ ಪುಡಿ, ಪ್ಲಾಸ್ಟರ್ ಇಂಥದ್ದಕ್ಕೆ ಪ್ರಯೋಜನವಿಲ್ಲ. ಅದು ಟ್ರ್ಯಾಪಿನಲ್ಲೇ ನಿಂತಿದ್ದರೆ ಮುಂದಿನ ಸಲ ನೀವು ಬಿಚ್ಚುವಾಗ ನಿಮ್ಮ ಕೈ, ಕಣ್ಣಿನ ಮೇಲೇ ಬೀಳುತ್ತದೆ.

ತೊಳೆದ ದಿನ ಸರಿ ಇರುತ್ತದೆ ಅಂದಿರಲ್ಲ, ಅದನ್ನು ನೋಡಿದರೆ ಗೋಡೆಯೊಳಗೆ ಕಟ್ಟಿಕೊಂಡಂತೆ ಕಾಣುವುದಿಲ್ಲ. ಟೇಪ್ ಹಿಡಿದು ಮೂರು ಅಳತೆ ಹೇಳಿ. ಮೂರೂ ನೆಲದಿಂದ:

ಗೋಡೆಯ ರಂಧ್ರದ ನಡುಮಧ್ಯ ಎಷ್ಟು ಎತ್ತರ. ಸಿಂಕಿನ ತಳ ಎಷ್ಟು ಎತ್ತರ. ಬಾಟಲ್ ಟ್ರ್ಯಾಪಿನಿಂದ ಪೈಪ್ ಹೊರಡುವ ಬಾಯಿ ಎಷ್ಟು ಎತ್ತರ.

ಒದ್ದೆಗೆ ಬೇರೆ ಪರೀಕ್ಷೆ ಇದೆ. ಬರೀ ನಲ್ಲಿ ಬಿಟ್ಟು ನೋಡಿದರೆ ಸಾಲದು. ಎಲ್ಲ ಜಾಯಿಂಟುಗಳನ್ನು ಬಟ್ಟೆಯಿಂದ ಒರೆಸಿ, ಪ್ರತಿಯೊಂದಕ್ಕೂ ಒಣ ಟಿಶ್ಯೂ ಕಾಗದ ಸುತ್ತಿ. ಗೋಡೆಯ ಬಾಯಲ್ಲಿ ಪೈಪ್ ಸೇರುವ ಜಾಗಕ್ಕೂ ಸುತ್ತಿ, ಅದನ್ನು ಮರೆಯುವವರೇ ಜಾಸ್ತಿ. ಆಮೇಲೆ ಸಿಂಕು ಅಂಚಿನವರೆಗೆ ತುಂಬಿಸಿ, ಒಮ್ಮೆಲೇ ಬಿರಡೆ ತೆಗೆಯಿರಿ. ನಿಮ್ಮ ಸಿಂಕು 60 ಲೀಟರ್ ಹಿಡಿಯುತ್ತದೆ. ಅಷ್ಟೂ ಒಟ್ಟಿಗೆ ನುಗ್ಗಿದಾಗ ಆಗುವುದು ನಲ್ಲಿಯ ಸಣ್ಣ ಧಾರೆಯಲ್ಲಿ ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಗೋಡೆಯ ರಂಧ್ರ 490. ಸಿಂಕಿನ ತಳ 540. ಟ್ರ್ಯಾಪಿನ ಬಾಯಿ 410.

ಟಿಶ್ಯೂ ಪರೀಕ್ಷೆಯ ಫಲಿತಾಂಶ ನೋಡಿ ಆಶ್ಚರ್ಯವಾಯಿತು. ಕಪ್ಲಿಂಗಿನ ಕಾಗದ ಒಣಗಿದೆ. ಟ್ರ್ಯಾಪಿನ ಎರಡು ನಟ್‌ನದೂ ಒಣಗಿದೆ. ಗೋಡೆಯ ಹತ್ತಿರ ಸುತ್ತಿದ್ದು ಮಾತ್ರ ತೊಪ್ಪೆಯಾಗಿ ಹರಿದು ಬಂತು. ಆದರೆ ಹನಿ ಬೀಳುವುದು ಅಲ್ಲಲ್ಲ, ಟ್ರ್ಯಾಪಿನ ಕೆಳಗೆ!

ಉತ್ತರ

ಹಾಗಾದರೆ ಮೂರೂ ತೊಂದರೆ ಒಂದೇ.

ಟ್ರ್ಯಾಪಿನ ಬಾಯಿ 410, ಗೋಡೆಯ ರಂಧ್ರ 490. ಅಂದರೆ ನಿಮ್ಮ ನೀರು ಹೊರಗೆ ಹೋಗಬೇಕಾದರೆ 80 ಮಿ.ಮೀ. ಮೇಲಕ್ಕೆ ಹತ್ತಬೇಕು. ಸಿಂಕು ತುಂಬಿದ್ದಾಗ ಮೇಲಿನ ನೀರಿನ ಭಾರ ತಳ್ಳುತ್ತದೆ, ಅದಕ್ಕೇ ಮೊದಲು ಜೋರಾಗಿ ಹೋಗುತ್ತದೆ. ಸಿಂಕಿನ ತಳಕ್ಕೂ ರಂಧ್ರಕ್ಕೂ ಇರುವ ವ್ಯತ್ಯಾಸ ಬರೀ 50 ಮಿ.ಮೀ. ಹಾಗಾಗಿ ಕೊನೆಗೆ ತಳ್ಳುವ ಬಲ ಉಳಿಯುವುದಿಲ್ಲ. ಆ ಏರು ಪೈಪಿನಲ್ಲಿ ನೀರು ಯಾವಾಗಲೂ ನಿಂತೇ ಇರುತ್ತದೆ. ನಿಂತ ನೀರಿನಲ್ಲಿ ಮರದ ಪುಡಿ ಕೆಳಗೆ ಕೂರುತ್ತದೆ. ಸುಕ್ಕು ಪೈಪ್ ಆದ್ದರಿಂದ ಒಂದೊಂದು ಸುಕ್ಕೂ ಕೆಸರು ಹಿಡಿದಿಡುವ ಬಟ್ಟಲು. ನೀವು ತೊಳೆದ ದಿನ ಸರಿಯಾಗಿ, ಮರುದಿನ ಕೆಡುವುದಕ್ಕೆ ಕಾರಣ ಇದೇ.

ಹಳೇ ಸಿಂಕು 150 ಆಳ ಇದ್ದಾಗ ಎಲ್ಲವೂ 150 ಮಿ.ಮೀ. ಮೇಲಿತ್ತು, ನೀರು ಇಳಿಜಾರಿನಲ್ಲಿ ಹೋಗುತ್ತಿತ್ತು. ಸಿಂಕು ಬದಲಿಸುವವರು ಅಗಲ, ಉದ್ದ ಅಳೆಯುತ್ತಾರೆ. ನನ್ನ ಪ್ರಕಾರ ಮೊದಲು ಅಳೆಯಬೇಕಾದ್ದು ಗೋಡೆಯ ರಂಧ್ರದ ಎತ್ತರ. ಸಿಂಕು ಎಷ್ಟು ಆಳ ಇರಬಹುದು ಅಂತ ತೀರ್ಮಾನಿಸುವುದು ಆ ರಂಧ್ರ.

ಇನ್ನು ವಾಸನೆ ಮತ್ತು ಒದ್ದೆ. ನಿಮ್ಮ ಫ್ಲೆಕ್ಸಿಬಲ್ ಪೈಪಿನ ವ್ಯಾಸ 40 ಮಿ.ಮೀ., ಗೋಡೆಯ ಪೈಪಿನದು 50 ಇರಬೇಕು ಅಲ್ವಾ? ಸುಮ್ನೆ ಒಳಗೆ ತೂರಿಸಿ ಬಿಟ್ಟಿದ್ದೀರಿ, ಸುತ್ತ ಸಂದು ಇದೆ. ಟ್ರ್ಯಾಪಿನಲ್ಲಿ ನಿಂತ ನೀರು ಚರಂಡಿಯ ಗಾಳಿಯನ್ನು ತಡೆಯುತ್ತದೆ ನಿಜ, ಆದರೆ ಈ ಸಂದು ಟ್ರ್ಯಾಪಿಗಿಂತ ಆಚೆ ಇದೆ. ಗಾಳಿ ನೇರ ಕ್ಯಾಬಿನೆಟ್ಟಿಗೇ ಬರುತ್ತದೆ. 60 ಲೀಟರ್ ನುಗ್ಗಿದಾಗ ನೀರು ಅದೇ ಸಂದಿನಿಂದ ಹಿಂದಕ್ಕೆ ಚಿಮ್ಮುತ್ತದೆ. ಪೈಪನ್ನು ಜಾಸ್ತಿ ಒಳಗೆ ತಳ್ಳಿದ್ದು, ಅದರ ತುದಿ ಗೋಡೆಯೊಳಗಿನ ಎಲ್ಬೋಗೆ (ಪೈಪ್ ತಿರುಗುವ ಬಾಗು) ತಗುಲಿದ್ದರೆ ಇನ್ನೂ ಜಾಸ್ತಿ. ಚಿಮ್ಮಿದ ನೀರು ಪೈಪಿನ ಹೊರಮೈ ಹಿಡಿದು ಇಳಿಯುತ್ತದೆ. ಪೈಪ್ ಗೋಡೆಯಿಂದ ಟ್ರ್ಯಾಪಿನ ಕಡೆಗೆ ಇಳಿಜಾರು, ಹಾಗಾಗಿ ಹನಿ ಬೀಳುವುದು ಟ್ರ್ಯಾಪಿನ ಕೆಳಗೆ. ಆ ನಟ್‌ನಲ್ಲಿ ತಪ್ಪೇ ಇಲ್ಲ, ಇನ್ನು ಬಿಗಿ ಮಾಡಬೇಡಿ. ಪ್ಲಾಸ್ಟಿಕ್ ನಟ್ ಬಿರುಕು ಬಿಡುತ್ತದೆ.

ಇನ್ನೊಬ್ಬರ ಉತ್ತರ

ಗೋಡೆ ಒಡೆದು ರಂಧ್ರವನ್ನು 100 ಮಿ.ಮೀ. ಕೆಳಗೆ ಇಳಿಸಿಬಿಡಿ. ಒಂದು ದಿನದ ಕೆಲಸ, ಶಾಶ್ವತ ಪರಿಹಾರ. ಅಷ್ಟರವರೆಗೆ ಆ ಸಂದಿಗೆ ಸಿಲಿಕೋನ್ ತುಂಬಿ, ವಾಸನೆ ನಿಲ್ಲುತ್ತದೆ.

ಉತ್ತರ

ಗೋಡೆ ಒಡೆಯುವುದು ತಪ್ಪಲ್ಲ, ಆದರೆ ಗೋಡೆಯೊಳಗಿನ ಪೈಪ್ ಎಲ್ಲಿ ತಿರುಗುತ್ತದೆ ಅಂತ ಗೊತ್ತಿಲ್ಲದೆ ಉಳಿ ಇಡಬಾರದು. ಸಿಲಿಕೋನ್ ಬೇಡ. ಫ್ಲೆಕ್ಸಿಬಲ್ ಪೈಪ್ ಅಲುಗಾಡುತ್ತಿರುತ್ತದೆ, ಸುಕ್ಕಿನ ಮೇಲೆ ಸಿಲಿಕೋನ್ ನಿಲ್ಲುವುದಿಲ್ಲ. ನಿಂತರೂ ಮುಂದೆ ಪೈಪ್ ಬಿಚ್ಚಬೇಕಾದಾಗ ಕೊಯ್ದು ತೆಗೆಯಬೇಕು. ಆ ಜಾಗಕ್ಕೆ ಅಂತಲೇ 50ರಿಂದ 40ಕ್ಕೆ ಇಳಿಸುವ ರಬ್ಬರ್ ಬುಷ್ ಸಿಗುತ್ತದೆ. ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ.

ನಾನಾಗಿದ್ದರೆ ಗೋಡೆ ಮುಟ್ಟದೆ ಕ್ಯಾಬಿನೆಟ್ಟನ್ನೇ ಎತ್ತುತ್ತಿದ್ದೆ. ಈಗ ಅದು ನೇರ ನೆಲದ ಮೇಲೆ ಕೂತಿದೆ ಅಂದುಕೊಳ್ಳುತ್ತೇನೆ. ನಿಮ್ಮ ಹಳೇ ಕ್ಯಾಬಿನೆಟ್ ತಳ ಕೊಳೆತಿದ್ದಕ್ಕೆ ಅದೂ ಒಂದು ಕಾರಣ ಇರಬಹುದು, ನೆಲ ತೊಳೆದ ನೀರು ಅಡಿಯಿಂದ ಏರುತ್ತದೆ. 100 ಮಿ.ಮೀ. ಎತ್ತರದ, ತಿರುಗಿಸಿ ಹೊಂದಿಸುವ ಪ್ಲಾಸ್ಟಿಕ್ ಕಾಲು ಹಾಕಿ. ಟ್ರ್ಯಾಪಿನ ಬಾಯಿ 510ಕ್ಕೆ ಬರುತ್ತದೆ, ರಂಧ್ರ 490. ನೀರಿಗೆ ಇಳಿಜಾರು ಸಿಕ್ಕಿತು, ಮರಕ್ಕೆ ಗಾಳಿ ಸಿಕ್ಕಿತು.

ಇಳಿಜಾರು ಎಷ್ಟು ಬೇಕು ಅಂತ ಕೇಳಿದರೆ, ಒಂದು ಮೀಟರಿಗೆ ಸುಮಾರು 20 ಮಿ.ಮೀ. ಟ್ರ್ಯಾಪಿನಿಂದ ಗೋಡೆಗೆ 400 ಇದ್ದರೆ 8 ಮಿ.ಮೀ. ಸಾಕು. ಜಾಸ್ತಿ ಕೊಟ್ಟರೆ ಒಳ್ಳೆಯದು ಅಂತ ತೀರಾ ಇಳಿಸಬೇಡಿ. ಒಟ್ಟು ಇಳಿತ ಪೈಪಿನ ಒಳವ್ಯಾಸ ದಾಟಿದರೆ ಹೋಗುವ ನೀರು ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗಬಹುದು. ಟ್ರ್ಯಾಪ್ ಒಣಗಿದರೆ ಮತ್ತೆ ವಾಸನೆ.

ಸುಕ್ಕು ಪೈಪ್ ಬಿಸಾಡಿ. ಒಳಗೆ ನುಣುಪಾದ 40ರ ಪೈಪ್ ಮತ್ತು ಪಿ ಟ್ರ್ಯಾಪ್ (ಬಟ್ಟಲಿನ ಬದಲು ಬಾಗಿದ ಪೈಪಿನಲ್ಲೇ ನೀರು ನಿಲ್ಲುವ ಟ್ರ್ಯಾಪ್) ಹಾಕಿ. ಬಾಟಲ್ ಟ್ರ್ಯಾಪಿನ ಬಟ್ಟಲು ತಿರುಗಿಸಿ ತೆಗೆಯಬಹುದು ಎಂಬುದು ಅನುಕೂಲ, ಆದರೆ ವರ್ಕ್‌ಶಾಪಿನ ಕಸ ಅದರಲ್ಲಿ ಬೇಗ ತುಂಬುತ್ತದೆ. ಪಿ ಟ್ರ್ಯಾಪಿನಲ್ಲಿ ನೀರಿನ ವೇಗವೇ ಬಾಗಿನ ಕಸವನ್ನು ತಕ್ಕಮಟ್ಟಿಗೆ ಗುಡಿಸುತ್ತದೆ. ನಟ್ ಒಳಗಿನ ಕೋನ್ ವಾಷರ್ (ಒಂದು ಮಗ್ಗುಲು ಚೂಪಾಗುವ ಬಳೆ) ಹಾಕುವಾಗ ಚೂಪು ಮಗ್ಗುಲು ಜಾಯಿಂಟಿನ ಒಳಗೆ, ಚಪ್ಪಟೆ ಮಗ್ಗುಲು ನಟ್ ಕಡೆಗೆ. ತಿರುಗಾಮುರುಗಾ ಆದರೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಇಲ್ಲಿ ಟೆಫ್ಲಾನ್ ಟೇಪ್ ಬೇಡ, ತಡೆಯುವುದು ವಾಷರ್.

ಪ್ರಶ್ನೆ ಕೇಳಿದವರು

ಕಾಲಿನ ಐಡಿಯಾ ಮನಸ್ಸಿಗೆ ಬಂತು. ಒಂದೇ ಅಳುಕು. ಅಂಚು 950ಕ್ಕೆ ಹೋಗುತ್ತದೆ. ಎತ್ತರ ಜಾಸ್ತಿ ಆಗುವುದಿಲ್ಲವೇ? ಕಾಲುಗಳು ಅಷ್ಟು ಭಾರ ತಡೆಯುತ್ತವೆಯೇ?

ಉತ್ತರ

ನಿಮ್ಮ ಕೈ ಕೆಲಸ ಮಾಡುವುದು ಅಂಚಿನಲ್ಲಲ್ಲ, ಸಿಂಕಿನ ತಳದಲ್ಲಿ. ಹಳೇ ಸಿಂಕಿನ ತಳ ಸುಮಾರು 700ಕ್ಕಿತ್ತು. ಈಗ 540. ಬ್ರಷ್ ತೊಳೆಯುವಾಗ ಸೊಂಟ ಹಿಡಿಯುತ್ತಿಲ್ಲವೇ? ಎತ್ತಿದರೆ 640 ಆಗುತ್ತದೆ. ಆಳದ ಸಿಂಕಿಗೆ ಎತ್ತರದ ಅಂಚೇ ಹೊಂದುತ್ತದೆ. ನಂಬಿಕೆ ಬರದಿದ್ದರೆ ಕ್ಯಾಬಿನೆಟ್ ಅಡಿಗೆ ಎರಡು ಗಟ್ಟಿ ಮರದ ತುಂಡು ಕೊಟ್ಟು, ಖಾಲಿ ಸಿಂಕಿನ ಮುಂದೆ ನಿಂತು ಬ್ರಷ್ ತೊಳೆಯುವಂತೆ ಕೈ ಆಡಿಸಿ ನೋಡಿ.

ಭಾರದ ವಿಷಯ ಸರಿಯಾಗಿ ಕೇಳಿದಿರಿ. ತುಂಬಿದ ನೀರೇ 60 ಕಿಲೋ, ಮೇಲೆ ಸಿಂಕು, ಕ್ಯಾಬಿನೆಟ್. ಕಾಲುಗಳನ್ನು ತಳದ ಹಲಗೆಯ ನಡುವೆ ಹಾಕಬೇಡಿ. ಪಕ್ಕದ ನಿಲುವು ಹಲಗೆಗಳ ನೇರ ಕೆಳಗೆ ಬರಲಿ, ಭಾರ ನೇರ ನೆಲಕ್ಕೆ ಇಳಿಯುತ್ತದೆ. ಹಿಂಭಾಗ ಮೇಲ್ಗಡೆ ಎರಡು ಎಲ್ ಪಟ್ಟಿ ಹಾಕಿ ಗೋಡೆಗೆ ಕಟ್ಟಿ, ಮುಂದಕ್ಕೆ ವಾಲಬಾರದು.

ಎತ್ತುವ ಮೊದಲು ಎರಡು ಕೆಲಸ ನೆನಪಿಡಿ. ನಲ್ಲಿಗೆ ಬರುವ ಹೆಣೆದ ಹೋಸ್ ಉದ್ದ ಸಾಲುತ್ತದಾ ನೋಡಿ. ಬಿಗಿದು ನಿಂತರೆ ಬೇರೆ ಹಾಕಿ. ಕ್ಯಾಬಿನೆಟ್ ಹಿಂದಿನ ಹಲಗೆಯಲ್ಲಿ ಪೈಪಿಗೆ ಕೊರೆದ ರಂಧ್ರ ಕೂಡ 100 ಮೇಲೆ ಹೋಗುತ್ತದಲ್ಲ, ಹೊಸ ರಂಧ್ರ 100 ಕೆಳಗೆ ಕೊರೆಯಬೇಕು. ಕೊರೆದ ಅಂಚಿನಲ್ಲಿ ಪ್ಲೈವುಡ್‌ನ ಪದರ ಬಾಯಿಬಿಟ್ಟಿರುತ್ತದೆ, ನೀರು ಕುಡಿಯುವುದು ಅಲ್ಲಿಂದಲೇ. ಎರಡು ಕೋಟ್ ಎಪಾಕ್ಸಿ ಅಥವಾ ಆಯಿಲ್ ಪೇಂಟ್ ಹಚ್ಚಿ.

ಇನ್ನೊಬ್ಬರ ಉತ್ತರ

ಪೈಪ್ ಎಷ್ಟೇ ಸರಿ ಮಾಡಿದರೂ ಪ್ಲಾಸ್ಟರ್, ಸಿಮೆಂಟ್ ಕಲಸಿದ ಪಾತ್ರೆಯನ್ನು ಸಿಂಕಿನಲ್ಲಿ ತೊಳೆಯಬೇಡಿ. ಎರಡೂ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ಟ್ರ್ಯಾಪಿನ ನೀರಿನಲ್ಲೇ ಕಲ್ಲಾಗುತ್ತವೆ. ನಾನು ಸಿಂಕಿನ ಪಕ್ಕ ಒಂದು ಬಕೆಟ್ ಇಟ್ಟಿದ್ದೇನೆ. ಎಲ್ಲವನ್ನೂ ಮೊದಲು ಅದರಲ್ಲಿ ಜಾಲಿಸುತ್ತೇನೆ. ರಾತ್ರಿ ಬಿಟ್ಟರೆ ಗಸಿ ಕೆಳಗೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಸಿಂಕಿಗೆ. ಗಸಿ ಒಣಗಿಸಿ ಕಸಕ್ಕೆ. ಥಿನ್ನರ್ ಇದ್ದರೆ ಅದರ ಹನಿಯೂ ಸಿಂಕಿಗೆ ಹೋಗಬಾರದು.

ಪ್ರಶ್ನೆ ಕೇಳಿದವರು

ಭಾನುವಾರ ಪೂರ್ತಿ ಇದಕ್ಕೇ ಹೋಯಿತು, ಆದರೆ ಮುಗಿಯಿತು.

ಸುಕ್ಕು ಪೈಪನ್ನು ಉದ್ದಕ್ಕೆ ಕೊಯ್ದು ನೋಡಿದೆ. ಕೆಳಮಗ್ಗುಲಿನ ಪ್ರತಿ ಸುಕ್ಕಿನಲ್ಲೂ ಕಂದು ಬಣ್ಣದ ಕೆಸರು ಅರ್ಧಚಂದ್ರದ ಆಕಾರದಲ್ಲಿ ಕೂತಿತ್ತು, ಮೇಲ್ಮಗ್ಗುಲು ಸ್ವಚ್ಛ. ಮೂರು ದಿನದ ಹಿಂದೆ ತೊಳೆದ ಪೈಪ್ ಇದು. ಗೋಡೆಯ ಕಡೆಯ ತುದಿ ಎಲ್ಬೋಗೆ ಒತ್ತಿ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ನೀವು ಹೇಳಿದ್ದು ಸರಿ, ನಾನೇ ಜಾಸ್ತಿ ತಳ್ಳಿದ್ದೆ.

ಕಾಲು ಹಾಕಿ ಮಟ್ಟ ನೋಡಿದೆ. ಪಿ ಟ್ರ್ಯಾಪಿನ ಬಾಯಿ 505ಕ್ಕೆ ಬಂತು, ರಂಧ್ರ 490. ನಡುವೆ 400 ಉದ್ದ. ರಬ್ಬರ್ ಬುಷ್ ಒಂದೇ ಒತ್ತಿಗೆ ಕೂತಿತು. ಹಳೇ ಹೋಸ್ ಸಾಲಲಿಲ್ಲ, 600ರದ್ದು ಹಾಕಿದೆ. ಹೊಸ ರಂಧ್ರದ ಅಂಚಿಗೆ ಎಪಾಕ್ಸಿ ಹಚ್ಚಿದೆ, ಹಳೇ ರಂಧ್ರಕ್ಕೆ ಪ್ಲೈವುಡ್ ಬಿಲ್ಲೆ ಅಂಟಿಸಿದೆ.

ಎಲ್ಲ ಜಾಯಿಂಟಿಗೂ ಟಿಶ್ಯೂ ಸುತ್ತಿ, ಸಿಂಕು ತುಂಬಿಸಿ, ಬಿರಡೆ ತೆಗೆದೆ. ಕೊನೆಯಲ್ಲಿ ಸುಳಿ ತಿರುಗಿ ಒಂದೇ ಗುಟುಕಿಗೆ ಖಾಲಿ. ತಳದಲ್ಲಿ ಕೆಸರಿಲ್ಲ. ಐದು ಸಲ ಹೀಗೇ ಮಾಡಿದೆ, ಐದೂ ಸಲ ಕಾಗದ ಒಣಗಿಯೇ ಇತ್ತು. ಇವತ್ತು ಬೆಳಗ್ಗೆ ಬಾಗಿಲು ತೆಗೆದಾಗ ಎಪಾಕ್ಸಿ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಪಕ್ಕದಲ್ಲಿ ಬಕೆಟ್ಟೂ ಇಟ್ಟಿದ್ದೇನೆ.